ಮಾತು ಬಾರದ ಮೊಲದ ಹೊಟ್ಟೆನೋವು

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಇಂದು ಮಾತನಾಡಲು ಆರಿಸಿಕೊಂಡ ವಿಷಯ ಮೊಲದ ಹೊಟ್ಟೆ. ಇದೆಂಥ ವಿಷಯ ಎಂದು ಹಿರಿಯರು ನಗಬಹುದು. ಆದರೆ ನಮ್ಮ ಸವದತ್ತಿಯಲ್ಲಿ ಮೊಲ ಸಾಕುವ ಮಕ್ಕಳಿದ್ದಾರೆ. ಹುಬ್ಬಳ್ಳಿ, ಬೆಳಗಾವಿಯ ಅಂಗಡಿಗಳಿಂದ ತಂದ ಬಿಳಿ ಮೊಲ ಮನೆಮಂದಿಗೆಲ್ಲ ಮುದ್ದಿನದಾಗುತ್ತದೆ. ಕೆಲವು ವಾರಗಳಲ್ಲಿ ಅದು ಸತ್ತರೆ “ದೃಷ್ಟಿ ತಾಗಿತು”, “ಅದರ ಆಯುಷ್ಯ ಅಷ್ಟೇ” ಎಂದು ಸುಮ್ಮನಾಗುತ್ತೇವೆ. ಸರಿಯಾಗಿ ಸಾಕಿದರೆ ಮೊಲ 8ರಿಂದ 10 ವರ್ಷ ಬದುಕಬಲ್ಲದು. ಅದರ ಆಯುಷ್ಯ ಕಡಿಮೆಯಾಗಲು ಬಹಳ ಸಲ ನಾವು ಕೊಡುವ ಆಹಾರವೇ ಕಾರಣ.

ಉರ್ದುವಿನಲ್ಲಿ ಮೊಲಕ್ಕೆ ಖರ್‌ಗೋಶ್ ಎನ್ನುತ್ತೇವೆ. ಇದು ಫಾರಸಿ ಪದ. ಖರ್ ಎಂದರೆ ಕತ್ತೆ, ಗೋಶ್ ಎಂದರೆ ಕಿವಿ. ಹೆಸರಿಟ್ಟವರು ಕಿವಿಯನ್ನು ನೋಡಿದರು. ಸಾಕುವವರು ಹೊಟ್ಟೆಯನ್ನು ನೋಡಬೇಕು. ಇನ್ನೊಂದು ಮಾತು. ನಮ್ಮ ಎರೆಹೊಲಗಳಲ್ಲಿ ಓಡಾಡುವ ಕಾಡುಮೊಲ ಬೇರೆ ಜಾತಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಅದನ್ನು ಹಿಡಿಯುವುದಾಗಲಿ, ಸಾಕುವುದಾಗಲಿ ಅಪರಾಧ. ನಾನು ಹೇಳುತ್ತಿರುವುದು ಯುರೋಪ್ ಮೂಲದ ಸಾಕುಮೊಲದ ವಿಷಯ.

ಆಡು ಹುಲ್ಲು ತಿಂದು, ಮೆಲುಕು ಹಾಕಿ ಜೀರ್ಣಿಸಿಕೊಳ್ಳುತ್ತದೆ. ಮೊಲಕ್ಕೆ ಮೆಲುಕು ಹಾಕಲು ಬರುವುದಿಲ್ಲ. ಅದರ ಸಣ್ಣ ಕರುಳು ಮುಗಿಯುವಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಆಹಾರವನ್ನು ಹುದುಗಿಸುತ್ತವೆ. ಅಲ್ಲಿಂದ ಬರುವ ಮೆತ್ತಗಿನ, ದ್ರಾಕ್ಷಿ ಗೊಂಚಲಿನಂಥ ಹಿಕ್ಕೆಯನ್ನು ಮೊಲ ತಾನೇ ತಿನ್ನುತ್ತದೆ. ಮಕ್ಕಳು ಇದನ್ನು ಕಂಡು ಅಸಹ್ಯಪಟ್ಟು ತಡೆಯುತ್ತಾರೆ. ತಡೆಯಬಾರದು. ಅದರಲ್ಲಿ ಪ್ರೋಟೀನ್ ಮತ್ತು ಬಿ ಜೀವಸತ್ವಗಳಿವೆ. ನಮಗೆ ಕಸ ಬಳಿಯಲು ಉಳಿಯುವುದು ಒಣ, ದುಂಡನೆಯ ಹಿಕ್ಕೆ ಮಾತ್ರ.

ಮೊಲದ ಕರುಳು ಸದಾ ಚಲಿಸುತ್ತಲೇ ಇರಬೇಕು. ಅದನ್ನು ಚಲಿಸುವಂತೆ ಮಾಡುವುದು ಹುಲ್ಲಿನ ನಾರು. ನಾರು ಕಡಿಮೆಯಾದರೆ ಕರುಳು ನಿಧಾನವಾಗುತ್ತದೆ, ಒಳಗಿನದು ಒಣಗುತ್ತದೆ, ಗಾಳಿ ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲು ಸಾಧ್ಯವಿಲ್ಲ. ನೋವಿನಿಂದ ಅದು ತಿನ್ನುವುದನ್ನು ಬಿಡುತ್ತದೆ, ತಿನ್ನದ ಕಾರಣ ಕರುಳು ಇನ್ನಷ್ಟು ನಿಲ್ಲುತ್ತದೆ.

ತರಗತಿಯಲ್ಲಿ ಒಮ್ಮೆ “ನಿಮ್ಮ ಮೊಲಕ್ಕೆ ಏನು ಹಾಕುತ್ತೀರಿ?” ಎಂದು ಕೇಳಿದೆ. ಗಜ್ಜರಿ, ಬಿಸ್ಕೀಟು, ರೊಟ್ಟಿ, ಅನ್ನ, ಕಡಲೆ ಎಂಬ ಉತ್ತರಗಳು ಬಂದವು. ಹುಲ್ಲು ಎಂದವರು ಒಬ್ಬರೂ ಇಲ್ಲ. ರಾಶಿಯ ಜೋಳಕ್ಕೆ ಬಾಯಿ ಹಾಕಿದ ಆಡಿನ ಹೊಟ್ಟೆ ಉಬ್ಬುವುದು ನಮ್ಮ ರೈತರಿಗೆಲ್ಲ ಗೊತ್ತು. ಮೊಲಕ್ಕೂ ಕಾಳು, ಹಿಟ್ಟು, ಸಿಹಿ ಅಪಾಯವೇ.

ಹಾಗಾದರೆ ಏನು ಕೊಡಬೇಕು?

1. ಆಹಾರದ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಲಿ. ಒಣಹುಲ್ಲು ಹಗಲೂ ರಾತ್ರಿ ಮುಂದಿರಲಿ. ಕರಿಕೆ ಹುಲ್ಲು ಒಳ್ಳೆಯದು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ. ಅದನ್ನು ಸವೆಸುವುದೂ ಹುಲ್ಲೇ.
2. ಕೊತ್ತಂಬರಿ, ಪುದೀನಾ, ಮೂಲಂಗಿ ಎಲೆ ದಿನಕ್ಕೊಂದು ಹಿಡಿ ಸಾಕು. ತೊಳೆದು ಕೊಡಿ. ಗಜ್ಜರಿ, ಹಣ್ಣು ಎಂದಾದರೊಮ್ಮೆ ಒಂದು ಸಣ್ಣ ಚೂರು.
3. ಕುದುರೆಮೆಂತೆ ಮರಿಗಳಿಗೆ ಸರಿ. ದೊಡ್ಡ ಮೊಲಕ್ಕೆ ನಿತ್ಯ ಬೇಡ, ಅದರಲ್ಲಿ ಸುಣ್ಣದ ಅಂಶ ಹೆಚ್ಚು.
4. ಅಂಗಡಿಯ ಪೆಲೆಟ್ ಆಹಾರ ಎರಡು ಕಿಲೋ ತೂಕದ ಮೊಲಕ್ಕೆ ದಿನಕ್ಕೆ 50 ಗ್ರಾಂ ಮೀರದಿರಲಿ.
5. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ಗಿಡದ ಎಲೆ ಕೊಡಬೇಡಿ. ಎಳೆಯ ಜೋಳದ ಪೈರಿನಲ್ಲಿ ಸಯನೈಡ್ ವಿಷ ಉಂಟಾಗುತ್ತದೆ, ಅದೂ ಬೇಡ. ಔಷಧ ಹೊಡೆದ ಹತ್ತಿ ಹೊಲದ ಬದುವಿನ ಹುಲ್ಲು ತರಬೇಡಿ.
6. ಹೊಸ ಆಹಾರವನ್ನು ಒಮ್ಮೆಲೇ ಹಾಕದೆ ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿ.

ಬೇಸಿಗೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಮೊಲ ನಮ್ಮಂತೆ ಬೆವರುವುದಿಲ್ಲ. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ತಗಡಿನ ಕೆಳಗೆ ಪಂಜರ ಇಡಬೇಡಿ. ಮಗುಚಿ ಬೀಳದ ಮಣ್ಣಿನ ಬಟ್ಟಲಿನಲ್ಲಿ ಸದಾ ನೀರಿರಲಿ. ನೀರು ಕಡಿಮೆಯಾದರೂ ಕರುಳು ಕಟ್ಟುತ್ತದೆ.

ಇನ್ನು ರೋಗದ ಗುರುತುಗಳು. ಕಾಡಿನಲ್ಲಿ ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಮೊಲ ನೋವನ್ನು ತೋರಿಸಿಕೊಳ್ಳುವುದಿಲ್ಲ. ಅದರ ಹಿಕ್ಕೆಯನ್ನು ನೋಡಿ ನಾವೇ ತಿಳಿಯಬೇಕು. ಹಿಕ್ಕೆ ಸಣ್ಣದಾಗುವುದು, ಕಡಿಮೆಯಾಗುವುದು, ಕೂದಲಿನಿಂದ ಸರದಂತೆ ಪೋಣಿಸಿಕೊಂಡು ಬರುವುದು ಮೊದಲ ಸೂಚನೆ. ಮೂಲೆಯಲ್ಲಿ ಬೆನ್ನು ಬಾಗಿಸಿ ಕೂರುವುದು, ಹಲ್ಲು ಕಡಿಯುವುದು, ಇಷ್ಟದ ಎಲೆಯನ್ನೂ ಮೂಸಿ ಬಿಡುವುದು ನೋವಿನ ಗುರುತು. ಹೊಟ್ಟೆ ಉಬ್ಬಿ ಬಿಗಿಯಾಗುವುದು ಮತ್ತು ಮರಿಗಳಿಗೆ ನೀರಿನಂಥ ಭೇದಿಯಾಗುವುದು ಅತಿ ಅಪಾಯದ ಲಕ್ಷಣಗಳು.

ವಿದ್ಯಾರ್ಥಿನಿಯೊಬ್ಬಳು ನನಗೆ ಹೇಳಿದ್ದು: “ಸರ್, ಸಂಜೀಕ ಗಜ್ಜರಿ ಸುದ್ದಾ ಮುಟ್ಟಲಿಲ್ಲರಿ. ಮುಂಜಾನೆ ನೋಡೂಣು ಅಂತ ಬಿಟ್ವಿರಿ.” ಮುಂಜಾನೆ ಅದು ಬದುಕಿರಲಿಲ್ಲ. ಆಕೆಯನ್ನಾಗಲಿ, ಆ ಮನೆಯವರನ್ನಾಗಲಿ ನಾನು ದೂರುವುದಿಲ್ಲ. ಮನುಷ್ಯರಿಗೆ ಒಂದು ಹೊತ್ತಿನ ಉಪವಾಸ ದೊಡ್ಡದಲ್ಲ, ಮೊಲಕ್ಕೂ ಹಾಗೆಯೇ ಎಂದು ಅವರು ತಿಳಿದಿದ್ದರು. ಮೊಲ ಹತ್ತು-ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಅದು ತುರ್ತು ಚಿಕಿತ್ಸೆಯ ಸಂದರ್ಭ.

ಅಂಥ ಹೊತ್ತಿನಲ್ಲಿ ಪಶು ಆಸ್ಪತ್ರೆಗೆ ಒಯ್ಯಿರಿ. ಕೊನೆಯ ಸಲ ಯಾವಾಗ ತಿಂದಿತು, ಯಾವಾಗ ಹಿಕ್ಕೆ ಹಾಕಿತು ಎಂದು ವೈದ್ಯರಿಗೆ ಹೇಳಿ. ಸಿಕ್ಕ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ. ಹೊಟ್ಟೆ ಉಬ್ಬಿದ್ದರೆ ಬಲವಂತವಾಗಿ ಏನನ್ನೂ ಬಾಯಿಗೆ ಹಾಕಬೇಡಿ. ಮನೆಯಲ್ಲಿ ಉಳಿದ ಗುಳಿಗೆಗಳನ್ನು ಅರೆದು ಕುಡಿಸುವುದಂತೂ ಬೇಡವೇ ಬೇಡ. ನಾವು ನುಂಗುವ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಔಷಧಗಳು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ನಾಶವಾಗಿ ವಿಷಕಾರಿ ಜೀವಿಗಳು ಬೆಳೆಯುತ್ತವೆ. ಮೊಲ ಸಾಯಬಹುದು.

ವಿದ್ಯಾರ್ಥಿಗಳೇ, ಮೊಲ ಸಾಕುವವರು ಒಂದು ಸಣ್ಣ ವಹಿ ಇಡಿ. ದಿನಾಲು ಮುಂಜಾನೆ ಮತ್ತು ಸಂಜೆ ಮೂರು ಮಾತು ಬರೆಯಿರಿ: ಹುಲ್ಲು ತಿಂದಿತೇ? ನೀರು ಕುಡಿಯಿತೇ? ಹಿಕ್ಕೆ ಹೇಗಿದೆ? ಎರಡು ನಿಮಿಷದ ಕೆಲಸ. ಈ ದಿನಚರಿ ನಡೆಸಲು ಆಗದವರು ದಯವಿಟ್ಟು ಮೊಲ ತರಬೇಡಿ. ಪಾಲಕರೂ ಮಕ್ಕಳಿಗೆ ಮೊಲ ಕೊಡಿಸುವ ಮೊದಲು ಹುಲ್ಲು ಎಲ್ಲಿಂದ ತರುವುದು ಎಂಬುದನ್ನು ಗೊತ್ತು ಮಾಡಿಕೊಳ್ಳಲಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.