ಕುಲುಮೆಗೆ ಹುಡುಗನನ್ನು ಬಿಡುವ ಮೊದಲು

(ಜಮಖಂಡಿಯಲ್ಲಿ ದುಡಿಮೆಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ಮೇಲೆ ನಮ್ಮ ಊರುಗಳಲ್ಲಿ ಪ್ರತಿ ವರ್ಷ ಒಂದು ಮಾತು ಕೇಳಿಬರುತ್ತದೆ: “ಹುಡುಗ ಓದಿನಲ್ಲಿ ಮುಂದೆ ಹೋಗಲಿಲ್ಲ, ಕಬ್ಬಿಣದ ಕೆಲಸಕ್ಕಾದರೂ ಹಚ್ಚೋಣ.” ಈ ‘ಆದರೂ’ ಎಂಬುದನ್ನು ಮೊದಲು ಬಿಡೋಣ. ಮುಧೋಳ ಸೀಮೆಯ ಕಬ್ಬು ಕಡಿಯುವ ಕತ್ತಿ, ರಬಕವಿ-ಬನಹಟ್ಟಿಯ ಮಗ್ಗದ ದುರಸ್ತಿ, ಸಕ್ಕರೆ ಕಾರ್ಖಾನೆಯ ಯಂತ್ರ, ಇವೆಲ್ಲ ಕಬ್ಬಿಣ ಬಲ್ಲ ಕೈಯನ್ನೇ ನಂಬಿವೆ.

ಇದು ದಡ್ಡರ ಕೆಲಸವಲ್ಲ. ಕೆಂಪಗೆ ಕಾದ ಕಬ್ಬಿಣ ಸುತ್ತಿಗೆಗೆ ಬಗ್ಗುತ್ತದೆ. ಬೆಳ್ಳಗೆ ಕಾದು ಕಿಡಿ ಉದುರಿಸಿದರೆ ಅದು ಸುಟ್ಟು ಕೆಟ್ಟಿತು. ಕುಡುಗೋಲಿನ ಅಲಗನ್ನು ಕಾಯಿಸಿ ನೀರಿಗೆ ಹಿಡಿದರೆ ಗಡಸಾಗುತ್ತದೆ, ಆದರೆ ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ. ಆದ್ದರಿಂದ ಮತ್ತೆ ತುಸು ಬಿಸಿ ಕೊಟ್ಟು, ಒಣಹುಲ್ಲಿನ ಬಣ್ಣ ಕಂದಾಗಿ ನೀಲಿಗೆ ತಿರುಗುವುದರೊಳಗೆ ತಣಿಸಬೇಕು. ಈ ಹದ ಪುಸ್ತಕ ಓದಿದ ಮಾತ್ರಕ್ಕೆ ಬರುವುದಿಲ್ಲ. ಬಲ್ಲವರ ಮಗ್ಗುಲಲ್ಲಿ ನಿಂತು ಕಣ್ಣಿನಿಂದ ಕಲಿಯಬೇಕು.

ಹಿಂದೆ ಕಲಿಯುವವನು ಕಂಬಾರನ ಮಗನೇ ಆಗಿರುತ್ತಿದ್ದ. ಮೊದಲು ತಿದಿ ಒತ್ತುತ್ತಿದ್ದ, ತೋಳು ಬಲಿತ ಮೇಲೆ ಘಣ ಹೊಡೆಯುತ್ತಿದ್ದ, ಕೊನೆಗೆ ಇಕ್ಕಳ ಅವನ ಕೈಗೆ ಬರುತ್ತಿತ್ತು. ಪಗಾರವಿರಲಿಲ್ಲ, ನಿಜ. ಆದರೆ ರೈತರು ಕೊಡುವ ಆಯದ ಕಾಳಿನಲ್ಲಿ ಅವನ ಊಟವಿತ್ತು. ಕುಲುಮೆ ಮುಂದೆ ಅವನದೇ ಆಗುತ್ತಿತ್ತು.

ಆ ಕಾಲ ಹೋಯಿತು. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಅದು ನೆಲಕ್ಕೆ ವಿಷವೆಂದು ರೈತರು ಮೊದಲು ಹೆದರಿದರೆಂದು ಹೇಳುತ್ತಾರೆ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಇಂಥ ಕಾರ್ಖಾನೆಗಳು ಬಂದಂತೆ ಕಸುಬು ಒಂದು ಮನೆತನದ ಆಸ್ತಿಯಾಗಿ ಉಳಿಯಲಿಲ್ಲ. ಇದು ಒಳ್ಳೆಯದೇ ಆಯಿತು. ನೇಕಾರನ ಮಗನೂ ಕೂಲಿಯವನ ಮಗಳೂ ಇಂದು ವೆಲ್ಡಿಂಗ್ ಕಲಿಯಬಹುದು.

ಆದರೆ ಒಂದು ತೊಡಕು ಉಳಿಯಿತು. ಕಲಿಯುವವನು ಈಗ ಬೇರೆಯವರ ಮಗ. ಹಳೆಯ ಪದ್ಧತಿಯ ಬಿಟ್ಟಿ ದುಡಿತ ಹಾಗೇ ಇದೆ. ಊಟವೂ ಇಲ್ಲ, ಕುಲುಮೆಯ ಹಕ್ಕೂ ಇಲ್ಲ. ಚಹಾ ತರುವುದು, ಕಸ ಹೊಡೆಯುವುದು, ಸಾಮಾನು ಹೊರುವುದು, ಇಷ್ಟರಲ್ಲೇ ವರ್ಷಗಳು ಕಳೆದರೆ ಅದನ್ನು ಕಲಿಕೆ ಎನ್ನಬಹುದೇ? ರಕ್ತಸಂಬಂಧವಿದ್ದ ಜಾಗದಲ್ಲಿ ಈಗ ಬರೆದ ಕಾಗದ ಇರಬೇಕು. ನಾವು ಹೇಳಬಂದದ್ದು ಇಷ್ಟೇ.

1961ರ ಅಪ್ರೆಂಟಿಸ್ ಕಾಯ್ದೆ ಇದನ್ನೇ ಹೇಳುತ್ತದೆ. 14 ವರ್ಷ ತುಂಬಿರಬೇಕು. ಅಪಾಯದ ಉದ್ಯೋಗವಾದರೆ 18. ಕರಾರುಪತ್ರ ಬೇಕು, ಹುಡುಗ ಚಿಕ್ಕವನಿದ್ದರೆ ಪಾಲಕರ ಸಹಿ ಬೇಕು. ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲಕನದು. 2019ರ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಜನ ದುಡಿಯುವಲ್ಲಿ ತರಬೇತಿಯವರನ್ನು ತೆಗೆದುಕೊಳ್ಳಲೇಬೇಕು. 4 ಜನರಿಂದ ಮೇಲಿದ್ದವರು ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು. ಓದಿಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿವರೆಗೆ ಭತ್ಯೆಯನ್ನು ಆ ವರ್ಷದ ನಿಯಮ ಗೊತ್ತುಮಾಡಿತು. ಆದರೆ ಇದೇ ಕಾಯ್ದೆ ಅಪ್ರೆಂಟಿಸನನ್ನು ಕಾರ್ಮಿಕನೆಂದು ಎಣಿಸುವುದಿಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದೂ ಹೇಳುವುದಿಲ್ಲ. ಇದನ್ನು ತಿಳಿದೇ ಸಹಿ ಮಾಡಬೇಕು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಒಂದು. ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ. ಕಸುಬು ಬಲ್ಲವನಿಗೆ ಇದು ಆಸರೆ. ಹೊಸಬನು ಏಳು ದಿನದಲ್ಲಿ ಕಂಬಾರನಾಗಲಾರ. ಐ.ಟಿ.ಐ.ಯಲ್ಲಿ ವೆಲ್ಡರನಿಗೇ ಒಂದು ವರ್ಷ, ಫಿಟ್ಟರ್ ಟರ್ನರ್‌ಗಳಿಗೆ ಎರಡು ವರ್ಷ ಬೇಕು.

ಇನ್ನು ಇಬ್ಬರು ಮೂವರು ದುಡಿಯುವ ಸಣ್ಣ ಕುಲುಮೆ, ಸಣ್ಣ ವರ್ಕ್‌ಶಾಪುಗಳ ಮಾತು. ಅಪ್ರೆಂಟಿಸ್ ಕಾಯ್ದೆಯ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ನಾವೇ ಕಾಗದ ಬರೆಯೋಣ, ನಾಲ್ಕು ಹಿರಿಯರ ಮುಂದೆ ಓದಿಸೋಣ. ಎಷ್ಟು ವರ್ಷ? ಮೊದಲ ತಿಂಗಳಿಂದ ಎಷ್ಟು ಹಣ? ಯಾವ ತಿಂಗಳಲ್ಲಿ ಯಾವ ಕೆಲಸ ಕೈಗೆ ಕೊಡುತ್ತೀರಿ? ಕಣ್ಣಿಗೆ ಕಪ್ಪು ಗಾಜು, ಕಾಲಿಗೆ ಬೂಟು ಯಾರು ಕೊಡುತ್ತಾರೆ? ಶಾಲೆಯಲ್ಲಿ ಕಲಿಸಿದ ನಮಗೆ ಇದು ಹೊಸದಲ್ಲ. ಪಾಠಪಟ್ಟಿಯೂ ಮುಗಿಯುವ ದಿನವೂ ಇಲ್ಲದ ಶಾಲೆಗೆ ಯಾರೂ ಮಕ್ಕಳನ್ನು ಕಳಿಸುವುದಿಲ್ಲ.

ವರ್ಕ್‌ಶಾಪಿನ ಯಜಮಾನರೂ ಈ ಸಭೆಯಲ್ಲಿದ್ದೀರಿ. “ಕಲಿಸಿದ ಮೇಲೆ ಹುಡುಗ ಬಿಟ್ಟು ಹೋಗುತ್ತಾನೆ” ಎಂಬ ನಿಮ್ಮ ಅಳಲು ಸುಳ್ಳಲ್ಲ. ಕೆಡುವ ಕಬ್ಬಿಣ, ಸುಡುವ ಇದ್ದಿಲು ನಿಮ್ಮದೇ. ಆದ್ದರಿಂದ ಕಾಗದದಲ್ಲಿ ನಿಮ್ಮ ಪಾಲೂ ಇರಲಿ: ಗೊತ್ತಾದ ಅವಧಿಯವರೆಗೆ ಅವನು ನಿಲ್ಲಬೇಕು, ಹೇಳಿದ ವೇಳೆಗೆ ಬರಬೇಕು. ಪಗಾರ ಕೊಟ್ಟು ಕಲಿಸಿದವನ ಅಂಗಡಿಯಲ್ಲಿ ಹುಡುಗ ನಿಲ್ಲುವ ಸಂಭವ ಹೆಚ್ಚು. ಬಿಟ್ಟಿ ದುಡಿಸಿದವನನ್ನು ಅವನು ಏಕೆ ನೆನೆಯಬೇಕು?

ಈ ಬೇಸಿಗೆಯಲ್ಲಿ ಮಗನನ್ನೋ ಮಗಳನ್ನೋ ಕಬ್ಬಿಣದ ಕೆಲಸಕ್ಕೆ ಹಚ್ಚುವವರು ಬರಿಗೈಯಲ್ಲಿ ಹೋಗಬೇಡಿರಿ. ಒಂದು ಹಾಳೆ ತೆಗೆದುಕೊಂಡು ಹೋಗಿರಿ. ಬರೆಯಲು ಬಾರದವರು ನಮ್ಮನ್ನು ಕರೆಯಿರಿ, ನಾವು ಬಂದು ಬರೆದುಕೊಡುತ್ತೇವೆ.