ಎಚ್‌ಐವಿ ಇರುವ ಹಿರಿಯರಿಗೂ ಆಶ್ರಮದ ಬಾಗಿಲು ತೆರೆಯಲಿ

(ಮಹಿಳಾ ವಿಭಾಗದ ಆರೋಗ್ಯ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಿರಿಯರ ಆರೈಕೆಯ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಮಂಡಿನೋವು, ಮರೆವು, ಸಕ್ಕರೆ ಕಾಯಿಲೆಯ ಬಗ್ಗೆ ಈ ವೇದಿಕೆಯಲ್ಲಿ ಬೇಕಾದಷ್ಟು ಮಾತುಗಳಾಗಿವೆ. ಹಾಗಾಗಿ ಇಂದು ನಾನು ಎಚ್‌ಐವಿ ಇರುವ ಅಜ್ಜ-ಅಜ್ಜಿಯರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಎಚ್‌ಐವಿ ಬಂದವರು ಅಜ್ಜಿಯಾಗುವಷ್ಟು ಕಾಲ ಬದುಕುತ್ತಾರೆಯೇ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಬದುಕುತ್ತಾರೆ. ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಮುಂದೆ ಔಷಧ ಬಂದಾಗಲೂ ದುಡ್ಡಿದ್ದವರಿಗಷ್ಟೇ ಅದು ದಕ್ಕುತ್ತಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಆರಂಭಿಸಿತು. ಆಗ ನಲವತ್ತೈದರ ಆಸುಪಾಸಿನಲ್ಲಿದ್ದು ಮಾತ್ರೆ ಶುರುಮಾಡಿದವರು ಈಗ ಅರವತ್ತೈದು ದಾಟಿದ್ದಾರೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಅದನ್ನು ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಆ ಸ್ಥಿತಿಯಲ್ಲಿರುವವರಿಂದ ಲೈಂಗಿಕ ಸಂಪರ್ಕದಿಂದಲೂ ಸೋಂಕು ಹರಡುವುದಿಲ್ಲ. ಇನ್ನು ತಟ್ಟೆ, ಲೋಟ, ಬಚ್ಚಲು, ಹಾಸಿಗೆ, ಕೈಹಿಡಿದು ನಡೆಸುವುದು, ಸ್ನಾನ ಮಾಡಿಸುವುದು, ಇವುಗಳಿಂದ ಅದು ಎಂದೂ ಹರಡಿದ್ದಲ್ಲ.

ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಗ ನಾನು ಕಂಡ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ವಯಸ್ಸು ಅರವತ್ತೆಂಟು. ಗಂಡ ತೀರಿಕೊಂಡ ಮೇಲೆ ಮನೆಮನೆಯಲ್ಲಿ ಅಡುಗೆ ಮಾಡಿ ಇಬ್ಬರು ಮಕ್ಕಳನ್ನು ಓದಿಸಿದವರು. ಎಷ್ಟೋ ವರ್ಷಗಳಿಂದ ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಮುಂದಿನ ಮೂರು ತಿಂಗಳು ನೋಡಿಕೊಳ್ಳುವವರು ಬೇಕಿತ್ತು. ಮಗ-ಸೊಸೆ ಇಬ್ಬರೂ ಬೆಳಿಗ್ಗೆ ಏಳರ ಲೋಕಲ್ ಹಿಡಿಯುವವರು; ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ.

ಮೊದಲ ಆರೈಕೆ ಕೇಂದ್ರದವರು ಕಾಗದಪತ್ರ ನೋಡಿದ ಕೂಡಲೇ "ಜಾಗ ಇಲ್ಲ" ಎಂದರು. ಎರಡನೆಯವರು ಬೇರೆ ಕೋಣೆ, ಬೇರೆ ಪಾತ್ರೆ, ದುಪ್ಪಟ್ಟು ಶುಲ್ಕ ಎಂದರು. ಮೂರನೆಯ ಕಡೆ ಮಗ ವಿಷಯವನ್ನೇ ಹೇಳಲಿಲ್ಲ. ಮಾತ್ರೆಗಳನ್ನು ಹೆಸರಿಲ್ಲದ ಡಬ್ಬಿಗೆ ಹಾಕಿ "ಶಕ್ತಿಯ ಗುಳಿಗೆ" ಎಂದು ಕೊಟ್ಟು ಬಂದ. ಅಲ್ಲಿನ ಆಯಾ ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂಳೆಗೆಂದು ಬರೆದುಕೊಟ್ಟ ಕ್ಯಾಲ್ಸಿಯಂ ಜೊತೆಯಲ್ಲೇ ಕೊಡುತ್ತಿದ್ದಳು. ಕೆಲವು ದಿನ, ಶಕ್ತಿಯ ಗುಳಿಗೆ ತಾನೇ ಎಂದು ಬಿಟ್ಟೂ ಬಿಟ್ಟಳು.

ಇದರಲ್ಲಿ ಅಪಾಯ ಎಲ್ಲಿದೆ ನೋಡಿ. ಈಗ ಹೆಚ್ಚಾಗಿ ಕೊಡುವ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧವಿದೆ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಅದರ ಜೊತೆ ಕೊಟ್ಟರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಊಟದ ಜೊತೆ ಕೊಡಬೇಕು, ಇಲ್ಲವೇ ಎಚ್‌ಐವಿ ಮಾತ್ರೆಯನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಕೊಡಬೇಕು. ಹೊಟ್ಟೆಯುರಿಗೆ ಕೊಡುವ ಕೆಲವು ಆಂಟಾಸಿಡ್‌ಗಳಿಗೆ ಊಟದ ಜೊತೆಗೂ ವಿನಾಯಿತಿ ಇಲ್ಲ, ಈ ಅಂತರ ಬೇಕೇ ಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಪ್ರಮಾಣವನ್ನೂ ವೈದ್ಯರು ನೋಡಿ ನಿರ್ಧರಿಸಬೇಕಾಗುತ್ತದೆ. ಮೂತ್ರಪಿಂಡ, ಮೂಳೆ, ಹೃದಯ, ಕ್ಷಯ, ಮನಸ್ಸಿನ ಕುಗ್ಗು, ಇವನ್ನೆಲ್ಲ ಈ ಹಿರಿಯರಲ್ಲಿ ಸ್ವಲ್ಪ ಹೆಚ್ಚು ಎಚ್ಚರದಿಂದ ಗಮನಿಸಬೇಕು. ವಿಷಯವೇ ಗೊತ್ತಿಲ್ಲದವರು ಗಮನಿಸುವುದು ಹೇಗೆ? ಹೇಳಿದರೆ ಬಾಗಿಲು ಮುಚ್ಚುತ್ತದೆ, ಹೇಳದಿದ್ದರೆ ಔಷಧ ಕೆಡುತ್ತದೆ. ಆ ಮಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಈ ಸಂಕಟಕ್ಕೆ ಕಾನೂನಿನಲ್ಲಿ ಉತ್ತರವಿದೆ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಬಂದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆಯನ್ನಾಗಲಿ ವಾಸಕ್ಕೆ ಜಾಗವನ್ನಾಗಲಿ ಅನ್ಯಾಯವಾಗಿ ನಿರಾಕರಿಸುವಂತಿಲ್ಲ, ಬೇರೆ ಇರಿಸುವಂತಿಲ್ಲ. ಸೇವೆ ಕೊಡುವ ಮುಂಚೆ ಎಚ್‌ಐವಿ ಪರೀಕ್ಷೆ ಮಾಡಿಸಿ ತನ್ನಿ ಎಂದು ಷರತ್ತು ಹಾಕುವಂತಿಲ್ಲ. ಅವರ ಒಪ್ಪಿಗೆಯಿಲ್ಲದೆ ವಿಷಯವನ್ನು ಬಹಿರಂಗಪಡಿಸುವಂತೆಯೂ ಇಲ್ಲ. ದೂರು ಕೇಳಲು ರಾಜ್ಯಗಳು ಒಂಬುಡ್ಸ್‌ಮನ್‌ರನ್ನು ನೇಮಿಸಬೇಕೆಂದು ಇದೇ ಕಾಯ್ದೆ ಹೇಳುತ್ತದೆ.

"ನಮ್ಮ ಕೆಲಸದವರ ಗತಿಯೇನು?" ಎಂದು ಆಶ್ರಮದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಯಾರ ರಕ್ತದಲ್ಲಿ ಏನಿದೆಯೋ ಯಾರಿಗೂ ತಿಳಿಯದು. ಆದ್ದರಿಂದ ರಕ್ತ ಮುಟ್ಟುವಾಗ ಎಲ್ಲರಿಗೂ ಒಂದೇ ನಿಯಮ: ಕೈಗವಸು ಹಾಕಬೇಕು, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಗಟ್ಟಿ ಡಬ್ಬಿಗೆ ಹಾಕಬೇಕು, ಆಯಾಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು. ಸೂಜಿ ಚುಚ್ಚಿದರೆ ಸೋಪು-ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಔಷಧ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಇಷ್ಟನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ನಾನೇ ಬಂದು ಕಲಿಸಲು ಸಿದ್ಧ.

ನಮ್ಮ ಮಹಿಳಾ ವಿಭಾಗ ವರ್ಷಕ್ಕೊಮ್ಮೆ ವೃದ್ಧಾಶ್ರಮಕ್ಕೆ ಹೋಗಿ ಹಣ್ಣು, ಸೀರೆ, ದೇಣಿಗೆಯ ಚೆಕ್ಕು ಕೊಟ್ಟು ಬರುತ್ತದೆ. ಈ ಸಲ ಚೆಕ್ಕು ಬರೆಯುವ ಮುಂಚೆ ಮೂರು ಪ್ರಶ್ನೆ ಕೇಳೋಣ. ಎಚ್‌ಐವಿ ಇರುವ ಹಿರಿಯರನ್ನು ಎಲ್ಲರಂತೆ ಸೇರಿಸಿಕೊಳ್ಳುತ್ತೀರಾ? ಅವರ ಒಪ್ಪಿಗೆಯಿಂದ, ಔಷಧ ಕೊಡುವ ವೈದ್ಯರು ಮತ್ತು ನರ್ಸ್ ಬಿಟ್ಟು ಬೇರೆಯವರಿಗೆ ತಿಳಿಯದಂತೆ ಕಾಗದಪತ್ರ ಇಡುತ್ತೀರಾ? ಎಆರ್‌ಟಿ ಕೇಂದ್ರದಿಂದ ಮಾತ್ರೆ ತರಲು ಯಾರನ್ನು ಕಳಿಸುತ್ತೀರಿ? ಮೂರನೆಯದಕ್ಕೆ ಅವರ ಬಳಿ ಜನವಿಲ್ಲದಿದ್ದರೆ, ನಮ್ಮಲ್ಲೇ ಇಬ್ಬರು ಸರದಿಯ ಮೇಲೆ ಹೋಗಬಹುದು.

ಇಲ್ಲಿ ಕುಳಿತವರ ಮನೆಯಲ್ಲೇ ಅಂಥವರು ಇರಬಹುದು. ಅವರು ಕೈಯೆತ್ತಬೇಕಾಗಿಲ್ಲ. 1097 ಎಂಬುದು ಉಚಿತ ಸಹಾಯವಾಣಿ. ಅದಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಮುಂದಿನ ಸಮಿತಿ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಠರಾವಾಗಿ ಮಂಡಿಸಬೇಕೆಂದು ಕಾರ್ಯಾಧ್ಯಕ್ಷೆಯವರಲ್ಲಿ ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.