ಕಾಲೇಜು ಮಕ್ಕಳಿಗೊಂದು ಗುಟ್ಟಿನ ಜಾಗ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ "ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ" ಅಂದರು. ನನ್ನ ಕೆಲಸ ಏನು ಅನ್ನುವುದು ನಮ್ಮ ಮನೆಯವರಿಗೇ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಕೇಳಿದರೆ ನಮ್ಮಮ್ಮ "ಬೆಂಗಳೂರಲ್ಲಿ ಕಾಲೇಜು ಹುಡುಗರಿಗೆ ಬುದ್ಧಿ ಹೇಳ್ತಾಳೆ" ಅನ್ನುತ್ತಾರೆ. ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಯಾವತ್ತೂ ಬರವಿಲ್ಲ. ಅದಕ್ಕೆ ಸಂಬಳ ಕೊಟ್ಟು ಯಾರೂ ಇಟ್ಟುಕೊಳ್ಳುವುದಿಲ್ಲ. ನಾನು ಆಪ್ತಸಮಾಲೋಚಕಿ. ನನ್ನ ಕೆಲಸದ ಮುಕ್ಕಾಲು ಪಾಲು ಕೇಳಿಸಿಕೊಳ್ಳುವುದು.

ಈ ಶಾಲೆಯಿಂದ ಹೊರಟ ಮಕ್ಕಳು ಪಿಯುಸಿ ಮುಗಿಸಿ ತುಮಕೂರು, ಹಾಸನ, ಬೆಂಗಳೂರು ಅಂತ ಹೋಗುತ್ತಾರೆ. ಎಷ್ಟೋ ಮನೆಗಳಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತುವವರಲ್ಲಿ ಇವರೇ ಮೊದಲಿಗರು. ಇಲ್ಲಿ ಕನ್ನಡದಲ್ಲಿ ಓದಿ ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ಅಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ಕೊನೆಯ ಬೆಂಚಿಗೆ ಹೋಗಿರುತ್ತಾಳೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋಗುತ್ತದೆ, ಮನೆಗೆ "ಎಲ್ಲಾ ಪಾಸು" ಅಂತ ಹೇಳಿರುತ್ತಾಳೆ. ಆ ಸುಳ್ಳನ್ನು ಕಾಯುವುದೇ ಮುಂದೆ ಅವಳಿಗೆ ಓದಿಗಿಂತ ದೊಡ್ಡ ಕೆಲಸವಾಗುತ್ತದೆ. ಇನ್ನೊಬ್ಬನಿಗೆ ಹಾಸ್ಟೆಲಿನಲ್ಲಿ ಯಾರೋ ಜಾತಿ ಕೇಳಿದ ರೀತಿ ಎದೆಯಲ್ಲಿ ಚುಚ್ಚಿಕೊಂಡಿರುತ್ತದೆ. ಮತ್ತೊಬ್ಬ ಮೊಬೈಲಿನಲ್ಲಿ ಬೆಟ್ಟಿಂಗ್ ಆಡಿ ಫೀಸಿನ ದುಡ್ಡು ಕಳೆದುಕೊಂಡಿರುತ್ತಾನೆ. ಕೊಬ್ಬರಿ ರೇಟು ಬಿದ್ದ ವರ್ಷ ಅಪ್ಪನಿಗೆ ಅದನ್ನು ಹೇಗೆ ಹೇಳುವುದು? ಪ್ರೀತಿ, ಮುರಿದ ಪ್ರೀತಿ ಅಂತೂ ಇದ್ದದ್ದೇ. ಇವೆಲ್ಲ ಒಬ್ಬೊಬ್ಬರ ಕಥೆಗಳಲ್ಲ, ಬಹಳ ಜನರಲ್ಲಿ ಕಂಡದ್ದನ್ನು ಸೇರಿಸಿ ಹೇಳುತ್ತಿದ್ದೇನೆ. ಒಬ್ಬರ ಕಥೆಯನ್ನು ಈ ಮೈಕಿನಲ್ಲಿ ಹೇಳಿದರೆ ನಾಳೆಯಿಂದ ನನಗೆ ಆ ಕೆಲಸ ಮಾಡುವ ಯೋಗ್ಯತೆ ಇರುವುದಿಲ್ಲ.

ಬಂದವರಿಗೆ ಸುಮಾರು ಮುಕ್ಕಾಲು ಗಂಟೆ ಸಮಯ. ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ, ಎಷ್ಟು ದಿನದಿಂದ ಹೀಗಿದೆ ಅಂತ ಕೇಳುತ್ತೇವೆ. ಬೇಕಾದಲ್ಲಿ "ಸಾಯಬೇಕು ಅನ್ನಿಸಿದೆಯಾ" ಅಂತ ನೇರವಾಗಿಯೇ ಕೇಳುತ್ತೇವೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಯಾರೂ ಕೇಳದಿದ್ದದ್ದನ್ನು ಒಬ್ಬರು ಕೇಳಿದರಲ್ಲ ಅಂತ ಮಕ್ಕಳು ಹಗುರಾಗುವುದನ್ನೇ ನಾನು ಹೆಚ್ಚು ನೋಡಿದ್ದೇನೆ. ಔಷಧಿ ಬೇಕೆನ್ನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತೇವೆ. ಔಷಧಿ ಬರೆಯುವ ಅಧಿಕಾರ ನನಗಿಲ್ಲ.

ಇದಕ್ಕೆ ವಿದ್ಯಾರ್ಥಿ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ನಾವು ಓದಿದ ಈ ಶಾಲೆಯೂ ಬಿಟ್ಟಿಯೇ ಆಗಿತ್ತಲ್ಲ, ಅಷ್ಟು ಹೇಳಿದರೆ ಸಾಕು.

ನಿಜವಾದ ತೊಡಕು ದುಡ್ಡಿನದಲ್ಲ, ಗುಟ್ಟಿನದು. ನಾನು ಸೇರುವ ಮೊದಲು ಒಂದು ಕಾಲೇಜಿನಲ್ಲಿ ಸಮಾಲೋಚನಾ ಕೊಠಡಿಯನ್ನು ಆಫೀಸಿನ ಪಕ್ಕದಲ್ಲೇ ಮಾಡಿದ್ದರು. ಫೀಸು ಕಟ್ಟುವ ಸಾಲು ಅದರ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ ಬೋರ್ಡು, ಒಳಗೆ ಹೊಸ ಕುರ್ಚಿ, ಫ್ಯಾನು, ಎಲ್ಲಾ ಇತ್ತು. ಹುಡುಗರು ಮಾತ್ರ ಬರುತ್ತಿರಲಿಲ್ಲ. ಆಮೇಲೆ ಅದನ್ನು ಗ್ರಂಥಾಲಯದ ಹಿಂದಿನ ಚಿಕ್ಕ ಕೋಣೆಗೆ ಬದಲಾಯಿಸಿದೆವು. ಪುಸ್ತಕಕ್ಕೆ ಹೋದರೋ ನನ್ನ ಹತ್ತಿರ ಬಂದರೋ ಯಾರಿಗೂ ತಿಳಿಯದು. ಆ ತಿಂಗಳಿಂದಲೇ ಬರತೊಡಗಿದರು. ಫ್ಯಾನಿಲ್ಲ, ಸೆಕೆ. ಆದರೂ ಬರುತ್ತಾರೆ.

ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಬಸ್ಸಿಳಿದ ಹುಡುಗನ ಮುಖ ಬಾಡಿದ್ದರೆ, ಅವನು ಮನೆ ಸೇರುವ ಮೊದಲೇ ಸುದ್ದಿ ಸೇರಿರುತ್ತದೆ. ಹೆಣ್ಣುಮಕ್ಕಳಾದರೆ ಇನ್ನೂ ಕಷ್ಟ. "ತಲೆ ಸರಿ ಇಲ್ವಂತೆ" ಅನ್ನುವ ಒಂದು ಮಾತು ಮದುವೆ ಮಾತುಕತೆಯವರೆಗೂ ಹಿಂಬಾಲಿಸುತ್ತದೆ. ಆ ಭಯಕ್ಕೆ ಮಕ್ಕಳು ಬಾಯಿ ಬಿಡುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವವರ ವಿಷಯವನ್ನು ಗೌಪ್ಯವಾಗಿಡುವುದನ್ನು ಅವರ ಹಕ್ಕು ಎಂದು ಹೇಳಿದೆ. ನಾವೂ ಅದೇ ನಿಯಮಕ್ಕೆ ಬದ್ಧರು. ಆದರೆ ಗುಟ್ಟಿಗೂ ಒಂದು ಗಡಿ ಇದೆ. ಮಗುವಿನ ಜೀವಕ್ಕೆ ಅಪಾಯವಿದ್ದರೆ, ಅಥವಾ ಅವರಿಂದ ಇನ್ನೊಬ್ಬರಿಗೆ ಅಪಾಯವಿದ್ದರೆ, ಬೇಕಾದವರಿಗೆ ಬೇಕಾದಷ್ಟನ್ನು ಹೇಳಲೇಬೇಕು. ಇದನ್ನು ಮೊದಲ ದಿನವೇ ಅವರಿಗೆ ತಿಳಿಸುತ್ತೇವೆ. ಅದೇ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತಡ ಮಾಡುವವರು ಈಗಲೂ ಇದ್ದಾರೆ, ಅದಕ್ಕೇ ಹೇಳಿದೆ.

ಕೆಲವು ತಂದೆಯರು ಫೋನ್ ಮಾಡುತ್ತಾರೆ. "ನನ್ನ ದುಡ್ಡಲ್ಲಿ ಓದ್ತಿರೋನು. ಏನು ಹೇಳಿದ ಅಂತ ನನಗೂ ಹೇಳಲ್ವಾ ಮೇಡಂ?" ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಾನೂ ತಾಯಿ. ಆದರೂ ಹೇಳುವುದಿಲ್ಲ. ಮಗ ಓಟು ಹಾಕುವ ವಯಸ್ಸಿನವನು. ಇವತ್ತು ನಾನು ಅಪ್ಪನಿಗೆ ಹೇಳಿದರೆ ನಾಳೆ ಅವನು ಯಾರಿಗೂ ಏನೂ ಹೇಳುವುದಿಲ್ಲ. ಅಪ್ಪನಿಗೂ ಇಲ್ಲ, ನನಗೂ ಇಲ್ಲ. "ಅವನೇ ನಿಮಗೆ ಹೇಳುವ ಹಾಗೆ ಆಗಲಿ ಅಂತಲೇ ಪ್ರಯತ್ನ ಮಾಡ್ತಿದ್ದೀವಿ ಸಾರ್" ಅನ್ನುತ್ತೇನೆ. ಕೆಲವರು ಸಿಟ್ಟಿನಲ್ಲಿ ಫೋನ್ ಇಟ್ಟುಬಿಡುತ್ತಾರೆ. ಆಗಲಿ.

ಗುಟ್ಟು ಕಾಯುವುದನ್ನು ನಾನು ಕಲಿತದ್ದು ತರಬೇತಿಯಲ್ಲಿ ಮಾತ್ರ ಅಲ್ಲ. ನಾವು ಹತ್ತನೇ ತರಗತಿಯಲ್ಲಿದ್ದಾಗ ಪರೀಕ್ಷಾ ಶುಲ್ಕ ಕಟ್ಟಲಾಗದವರ ಪಾಲನ್ನು ಹೆಡ್‌ಮಾಸ್ಟರರು ತಮ್ಮ ಕೈಯಿಂದ ಕಟ್ಟಿದ್ದರಂತೆ. ಕಟ್ಟಿದ್ದರು ಅನ್ನುವುದು ಮಾತ್ರ ಗೊತ್ತು. ಯಾರ ಯಾರ ಪಾಲಿನದು ಎಂದು ನಮ್ಮ ಬ್ಯಾಚಿನವರಿಗೆ ಇವತ್ತಿಗೂ ಗೊತ್ತಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಒಂದು ನಿರ್ದೇಶನ ಕೊಟ್ಟಿದೆ. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡಿಕೊಳ್ಳಬೇಕು. ಒಳ್ಳೆಯದೇ. ನನ್ನ ಅಂಜಿಕೆ ಏನೆಂದರೆ, ಪಾಠ ಮಾಡುವ ಉಪನ್ಯಾಸಕರಿಗೇ ಹೆಚ್ಚುವರಿ ಹೊಣೆ ಅಂತ ಒಂದು ಆದೇಶ ಕೊಟ್ಟು ಕೈ ತೊಳೆದುಕೊಳ್ಳಬಾರದು. ಇಂಟರ್ನಲ್ ಮಾರ್ಕ್ಸ್ ಕೊಡುವವರ ಮುಂದೆ ಯಾವ ಹುಡುಗ ಮನಸ್ಸು ಬಿಚ್ಚುತ್ತಾನೆ? ಹಾಗಂತ ಮೇಷ್ಟ್ರುಗಳು ಬೇಡವೆಂದಲ್ಲ. ಹಾಜರಾತಿ ಇಳಿಯುತ್ತಿರುವುದು ಮೊದಲು ಕಾಣುವುದೇ ಅವರಿಗೆ. "ಅಲ್ಲಿ ಹೋಗಿ ಮಾತಾಡಪ್ಪ" ಅಂತ ಮೆಲ್ಲಗೆ ಹೇಳಿದರೆ ಸಾಕು.

ಕಾಲೇಜಿನಲ್ಲಿ ಯಾರೂ ಇಲ್ಲದಿದ್ದರೆ? ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ, ಇದನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಹಾನ್ಸ್ ನೆರವಿನ ಯುವ ಸ್ಪಂದನ ಕೇಂದ್ರಗಳು ಜಿಲ್ಲೆಗಳಲ್ಲಿವೆ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ಪ್ರಯೋಗವಾದದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ದೂರದ ವಿಷಯವಲ್ಲ ಇದು, ನಮ್ಮ ರಾಜ್ಯದ್ದೇ.

ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಹಬ್ಬಕ್ಕೆ ಬಂದ ಮಗಳು ಮಂಕಾಗಿದ್ದರೆ ಮೊದಲ ದಿನ ಮಾರ್ಕ್ಸ್ ಕೇಳಬೇಡಿ. ಊಟಕ್ಕೆ ಹಾಕಿ, ಪಕ್ಕದಲ್ಲಿ ಕೂತಿರಿ. ಅವಳು ಕೌನ್ಸೆಲಿಂಗಿಗೆ ಹೋಗುತ್ತಿದ್ದಾಳೆ ಅಂತ ಗೊತ್ತಾದರೆ ಅದನ್ನು ಅತ್ತಿಗೆ, ನಾದಿನಿ, ಪಕ್ಕದ ಮನೆ ಅಂತ ದಾಟಿಸಬೇಡಿ. ಹಳೆಯ ವಿದ್ಯಾರ್ಥಿಗಳ ಸಂಘದವರು ನೆನಪಿನ ಕಾಣಿಕೆ ಏನು ಕೊಡಬೇಕು ಅಂತ ಚರ್ಚಿಸುತ್ತಿದ್ದೀರಿ. ಗೇಟಿನ ಒಳಗೋಡೆಯ ಮೇಲೆ, ಮಕ್ಕಳ ಕಣ್ಣೆತ್ತರಕ್ಕೆ, ಆ ಐದಂಕಿಯ ನಂಬರನ್ನು ಬಣ್ಣದಲ್ಲಿ ಬರೆಸಿ. ಅದರ ಕೆಳಗೆ ದಾನಿಗಳ ಹೆಸರು ಬೇಡ.

ಸಂಜೆಯ ಬಸ್ಸಿನವರೆಗೆ ನಾನು ಇಲ್ಲೇ ಇರುತ್ತೇನೆ. ನನ್ನ ಹತ್ತಿರ ಮಾತಾಡಬೇಕು ಅನ್ನಿಸಿದವರು ಸಂಕೋಚವಿಲ್ಲದೆ ಬನ್ನಿ. ನಮ್ಮ ಚಿಕ್ಕಮ್ಮ ತೆಂಗಿನ ಕಾಯಿಯ ರೇಟಿನ ಬಗ್ಗೆ, ಜೊತೆಗೆ ಓದಿದವರು ಹಳೇ ಫೋಟೋ ಬಗ್ಗೆ ಮಾತಾಡಲು ಆಗಲೇ ಕಾಯುತ್ತಿದ್ದಾರೆ. ಅವರ ನಡುವೆ ನೀವು ಯಾತಕ್ಕೆ ಬಂದಿರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ.